18 ತುಂಬಿದ ವಿಕಲಚೇತನರನ್ನು ಪ್ರತ್ಯೇಕ ಕುಟುಂಬವೆಂದು ಪರಿಗಣಿಸಿ: ವಸತಿ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು, ವಸತಿ ಇಲಾಖೆ, ಕರ್ನಾಟಕ ಸರ್ಕಾರ
ನಿರ್ದೇಶಕರು, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ
ಹಾಗೂ ರಾಜ್ಯದ ಎಲ್ಲ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು

ಮಾನ್ಯರೇ,

ಅಂಗವಿಕಲ ವೇತನದ, ಅಂದರೆ ತಿಂಗಳ ಪಿಂಚಣಿಯ, ಮಂಜೂರಾತಿ ಆದೇಶ ವ್ಯಕ್ತಿಯ ಹೆಸರಿಗೆ ಬರುತ್ತದೆ. ವಿಕಲಚೇತನರ ವಿಶಿಷ್ಟ ಗುರುತಿನ ಯುಡಿಐಡಿ ಕಾರ್ಡು, ಬಸ್ ಪಾಸು, ಮತದಾರರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು ಎಲ್ಲವೂ ಅವರವರ ಹೆಸರಿನಲ್ಲೇ ಇರುತ್ತವೆ. ಮನೆಗೆ ಅರ್ಜಿ ಹಾಕಲು ಹೋದಾಗ ಮಾತ್ರ 22 ವರ್ಷದ ಯುವತಿಯಾಗಲಿ, 27 ವರ್ಷದ ಯುವಕನಾಗಲಿ ಅಪ್ಪನ ರೇಷನ್ ಕಾರ್ಡಿನ ಒಂದು ಸಾಲಾಗಿಬಿಡುತ್ತಾರೆ. ವಿಕಲಚೇತನರ ಪಿಂಚಣಿ ಮತ್ತು ವಸತಿ ಅರ್ಜಿಗಳನ್ನು ತುಂಬಿ, ಅವು ಎಲ್ಲಿ ನಿಂತವೆಂದು ಕಚೇರಿಯಿಂದ ಕಚೇರಿಗೆ ವಿಚಾರಿಸುವ ಕೆಲಸ ಮಾಡುವ ನಮಗೆ ಅಡ್ಡಿಗಳು ಹತ್ತಾರು ಕಾಣುತ್ತವೆ. ಆದರೆ ಬೇರು ಇದೊಂದೇ. ಆದ್ದರಿಂದ ಮೊದಲ ಕೇಳಿಕೆಯೂ ಇದೇ: 18 ವರ್ಷ ತುಂಬಿದ, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ, ತನ್ನ ಹೆಸರಿನಲ್ಲಿ ಮನೆಯಾಗಲಿ ನಿವೇಶನವಾಗಲಿ ಇಲ್ಲದ ವ್ಯಕ್ತಿಯನ್ನು, ಆತ ಯಾರ ರೇಷನ್ ಕಾರ್ಡಿನಲ್ಲಿದ್ದರೂ, ವಸತಿ ಯೋಜನೆಗಳ ಮಟ್ಟಿಗೆ ಪ್ರತ್ಯೇಕ ಕುಟುಂಬವೆಂದು ಪರಿಗಣಿಸಿ ಆದೇಶ ಹೊರಡಿಸಿ.

ಈಗಿನ ನಿಯಮಗಳು ಹೇಗಿವೆ ನೋಡಿ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಪ್ರಕಾರ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಗ್ರಾಮೀಣ ಯೋಜನೆಗೆ ತಳಹದಿಯಾದ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಅಂಗವೈಕಲ್ಯಕ್ಕೆ ಒಂದು ಅಂಕವೇನೋ ಇತ್ತು. ಆದರೆ ಅದು ಸಿಗಬೇಕಾದರೆ ಮನೆಯಲ್ಲಿ ವಿಕಲಚೇತನರು ಇದ್ದರಷ್ಟೇ ಸಾಲದು, ದೈಹಿಕವಾಗಿ ಸದೃಢರಾದ ವಯಸ್ಕರು ಒಬ್ಬರೂ ಇರಬಾರದು. ಅಂದರೆ, ಬೆನ್ನುಹುರಿಗೆ ಪೆಟ್ಟು ಬಿದ್ದು ಮಲಗಿರುವ 24ರ ಹುಡುಗನಿಗೆ ಕೂಲಿ ಮಾಡುವ 58ರ ಅಪ್ಪ ಇದ್ದರೆ ಆ ಅಂಕವಿಲ್ಲ. ಇನ್ನು ಅಪ್ಪನ ಕಾಲದಲ್ಲಿ ಕಟ್ಟಿದ ತಾರಸಿ ಮನೆಯಿದ್ದರೆ ಕೇಳುವುದೇ ಬೇಡ, 'ಪಕ್ಕಾ ಮನೆ ಇದೆ' ಎಂದು ಹೆಸರು ಬಿಟ್ಟುಹೋಗುತ್ತದೆ. ಆ ಮನೆಗೆ ಮೂರು ಮೆಟ್ಟಿಲಿವೆ, ಶೌಚಾಲಯ ಹಿತ್ತಿಲಿನಲ್ಲಿದೆ, ನಾಳೆ ಭಾಗವಾದಾಗ ಅಣ್ಣತಮ್ಮಂದಿರ ಪಾಲಿಗೆ ಹೋಗುತ್ತದೆ ಎಂಬುದನ್ನು ಬರೆಯಲು ನಮೂನೆಯಲ್ಲಿ ಜಾಗವೇ ಇಲ್ಲ.

ಒಬ್ಬ ವ್ಯಕ್ತಿಯನ್ನೇ ಒಂದು ಕುಟುಂಬವೆಂದು ಒಪ್ಪುವುದು ಸರ್ಕಾರಕ್ಕೆ ಹೊಸದೇನಲ್ಲ. ಅಂತ್ಯೋದಯ ಅನ್ನ ಯೋಜನೆಯ ಮಾನದಂಡಗಳಲ್ಲಿ, ಜೀವನಾಧಾರವಾಗಲಿ ಸಾಮಾಜಿಕ ಆಸರೆಯಾಗಲಿ ಇಲ್ಲದ ಅಂಗವಿಕಲ ವ್ಯಕ್ತಿ ಒಂಟಿಯಾಗಿದ್ದರೂ ಕಾರ್ಡಿಗೆ ಅರ್ಹ. ಹಿಂದಿನ ನಗರ ಆವಾಸ್ ಯೋಜನೆಯಲ್ಲಿ, ದುಡಿಯುವ ವಯಸ್ಕ ಸದಸ್ಯರು ಮದುವೆಯಾಗಿರಲಿ ಬಿಡಲಿ ಪ್ರತ್ಯೇಕ ಕುಟುಂಬ ಎಂಬ ಅವಕಾಶವಿತ್ತು. ಪಿಂಚಣಿಯನ್ನು ದುಡಿಮೆ ಎಂದು ಯಾರೂ ಲೆಕ್ಕ ಹಿಡಿಯದ ಕಾರಣ, ಆ ಬಾಗಿಲು ಪಿಂಚಣಿ ನಂಬಿ ಬದುಕುವವರಿಗೆ ತೆರೆಯಲಿಲ್ಲ. ವಿಕಲಚೇತನರನ್ನು ಮದುವೆಯಾದವರಿಗೆ ನಮ್ಮ ರಾಜ್ಯ 50,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ, ಕೊಡಲಿ. ಮದುವೆಯಾಗದೆ ಒಬ್ಬರೇ ಬಾಳುತ್ತೇನೆ ಎನ್ನುವವರೂ ಅದೇ ಸರ್ಕಾರದ ಪ್ರಜೆಗಳೇ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 5ನೇ ಕಲಂ ಸಮುದಾಯದ ನಡುವೆ ಬಾಳುವ ಹಕ್ಕನ್ನು ಕೊಟ್ಟಿದೆ. ಇಂಥ ಕಡೆಯೇ ಇರಬೇಕೆಂದು ಯಾರನ್ನೂ ಕಟ್ಟಿಹಾಕುವಂತಿಲ್ಲ ಎಂದೂ ಹೇಳಿದೆ.

ಇದಕ್ಕೆಲ್ಲ ದೆಹಲಿಯ ಕಡೆ ಕಾಯಬೇಕಾಗಿಲ್ಲ. ಬಸವ ವಸತಿ ಯೋಜನೆ, ದೇವರಾಜ ಅರಸು ವಸತಿ ಯೋಜನೆ ಎರಡೂ ರಾಜ್ಯದವು. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ತಂತ್ರಾಂಶದಲ್ಲಿ 'ವಿಕಲಚೇತನ, ಪ್ರತ್ಯೇಕ ಕುಟುಂಬ' ಎಂಬ ಒಂದು ಆಯ್ಕೆ ಸೇರಿಸಿ, ಯುಡಿಐಡಿ ಸಂಖ್ಯೆಯನ್ನು ಕಡ್ಡಾಯ ಮಾಡಿದರೆ ಸಾಕು. ಒಂದೇ ಮನೆಯವರು ಎರಡು ಮನೆ ಹೊಡೆದುಕೊಳ್ಳುತ್ತಾರೆ ಎಂಬ ಆಕ್ಷೇಪ ಬರುತ್ತದೆ ಎಂದು ನಮಗೆ ಗೊತ್ತು. ಅದಕ್ಕೂ ಉತ್ತರ ನಿಯಮದಲ್ಲೇ ಇದೆ: ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ ಮಾರ್ಗಸೂಚಿಯಂತೆ, ವಿಕಲಚೇತನರ ಪಾಲಿನಲ್ಲಿ ಆಯ್ಕೆಯಾದ ಮನೆ ಆ ವ್ಯಕ್ತಿಯೊಬ್ಬರ ಹೆಸರಿಗೇ ಮಂಜೂರಾಗಬೇಕು. ತಾಯಿಯ ಹೆಸರಿಗೂ ಅಲ್ಲ, ಅಣ್ಣನ ಹೆಸರಿಗೂ ಅಲ್ಲ. ಈ ಸಾಲನ್ನು ರಾಜ್ಯದ ಯೋಜನೆಗಳಿಗೂ ಅನ್ವಯಿಸಿ, ಹಕ್ಕುಪತ್ರದಲ್ಲೂ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲೂ ಅದೇ ಹೆಸರು ಕೂರುವಂತೆ ನೋಡಿಕೊಳ್ಳಿ.

ಎರಡನೆಯದು ಶೇ 5ರ ಲೆಕ್ಕ. ಕಾಯ್ದೆಯ 37ನೇ ಕಲಂ ಪ್ರಕಾರ ಎಲ್ಲ ವಸತಿ ಯೋಜನೆಗಳಲ್ಲಿ ವಿಕಲಚೇತನರಿಗೆ ಶೇ 5 ಮೀಸಲು, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ಕಾಗದದ ಮೇಲೆ ಯಾರೂ ಇಲ್ಲ ಎನ್ನುವುದಿಲ್ಲ. ಆದರೆ ಒಂದು ಗ್ರಾಮ ಪಂಚಾಯಿತಿಗೆ ಒಂದು ಸಾಲಿನಲ್ಲಿ 12 ಮನೆಯ ಗುರಿ ಬಂತೆಂದುಕೊಳ್ಳಿ. ಶೇ 5 ಎಂದರೆ 0.6 ಮನೆ. ಅರ್ಧ ಮನೆ ಕಟ್ಟಲಾಗುವುದಿಲ್ಲ ಎಂದು ಅದು ಸೊನ್ನೆಯಾಗುತ್ತದೆ. ಮುಂದಿನ ಸಾಲಿನಲ್ಲಿ 15 ಬಂದರೆ 0.75, ಮತ್ತೆ ಸೊನ್ನೆ. 20 ಮನೆ ಒಟ್ಟಿಗೆ ಬರುವವರೆಗೆ ವಿಕಲಚೇತನರಿಗೆ ಒಂದೂ ಸಿಗದಿದ್ದರೂ ಮೀಸಲಾತಿ ಪಾಲಿಸಿದಂತೆಯೇ ದಾಖಲೆಯಾಗುತ್ತದೆ. ಪರಿಹಾರ ಸರಳ: ಮೀಸಲನ್ನು ತಾಲ್ಲೂಕು ಮಟ್ಟದಲ್ಲಿ ಒಟ್ಟುಗೂಡಿಸಿ ರೋಸ್ಟರ್, ಅಂದರೆ ಸರದಿ ಪಟ್ಟಿ, ಮಾಡಿ, ಉಳಿದ ಭಿನ್ನರಾಶಿಯನ್ನು ಮುಂದಿನ ಸಾಲಿಗೆ ಒಯ್ಯಿರಿ. ಯಾವ ಪಂಚಾಯಿತಿಗೆ ಯಾವ ವರ್ಷ ಎಂಬುದು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯ ಬಳಿ ಬರಹದಲ್ಲಿರಲಿ.

ಈ ಪತ್ರ ಓದುವ ಯುವಜನರಿಗೂ ಅವರ ಮನೆಯವರಿಗೂ ಇಲ್ಲಿ ಕೆಲವು ಮಾತು. ಅರ್ಜಿ ಬಿದ್ದುಹೋಗುವುದು ಬಹುಪಾಲು ದೊಡ್ಡ ಕಾರಣಕ್ಕಲ್ಲ. ಮೊದಲು ಯುಡಿಐಡಿ ಕಾರ್ಡು ನೋಡಿಕೊಳ್ಳಿ. ಹಳದಿ ಎಂದರೆ ಶೇ 40ರಿಂದ 80ರೊಳಗೆ, ನೀಲಿ ಎಂದರೆ 80 ಅಥವಾ ಮೇಲೆ. ಬಿಳಿ ಕಾರ್ಡು 40ಕ್ಕಿಂತ ಕಡಿಮೆ, ಅದಕ್ಕೆ ಮೀಸಲು ಸಿಗುವುದಿಲ್ಲ. ತಾತ್ಕಾಲಿಕ ಪ್ರಮಾಣಪತ್ರವಾದರೆ ಮುಗಿಯುವ ದಿನಾಂಕಕ್ಕೆ ಮೂರು ತಿಂಗಳು ಮೊದಲೇ ಪೋರ್ಟಲ್‌ನಲ್ಲಿ ನವೀಕರಣಕ್ಕೆ ಹಾಕಿ, ಏಕೆಂದರೆ 2024ರ ತಿದ್ದುಪಡಿಯ ನಂತರ ವೈದ್ಯಕೀಯ ಪ್ರಾಧಿಕಾರಕ್ಕೆ ಅಷ್ಟು ಕಾಲಾವಕಾಶವಿದೆ. ಹೆಸರಿನ ಇನಿಶಿಯಲ್ ಆಧಾರ್‌ನಲ್ಲಿ ಕೊನೆಗೆ, ಯುಡಿಐಡಿಯಲ್ಲಿ ಮೊದಲಿಗೆ, ರೇಷನ್ ಕಾರ್ಡಿನಲ್ಲಿ ಇಲ್ಲವೇ ಇಲ್ಲ ಎಂಬಂತಿದ್ದರೆ ತಂತ್ರಾಂಶ ತಾಳೆ ಹಾಕುವಾಗ ತಿರಸ್ಕರಿಸುತ್ತದೆ. ಆಧಾರ್ ಹೇಗಿದೆಯೋ ಹಾಗೆ ಉಳಿದೆಲ್ಲವನ್ನೂ ತಿದ್ದಿಸಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದು ಅದರ ಮೇಲೆ ಮುದ್ರಿಸಿದ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಂಕ್ ಖಾತೆ ನಿಮ್ಮೊಬ್ಬರ ಹೆಸರಿನಲ್ಲೇ ಇರಲಿ, ಆಧಾರ್ ಜೋಡಣೆ ಅದೇ ಖಾತೆಗೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಕೊನೆಯದಾಗಿ ಜೋಡಿಸಿದ ಖಾತೆಗೇ ಹಣ ಹೋಗುತ್ತದೆ, ಅದು ಯಾವಾಗಲೋ ತೆರೆದು ಮರೆತ ಖಾತೆಯಾಗಿರಬಹುದು.

ಅರ್ಜಿಯನ್ನು ಗ್ರಾಮ ಸಭೆಗೆ ಕೊಡುವಾಗ ಬಾಯಿಮಾತು ನಂಬಬೇಡಿ. ಸ್ವೀಕೃತಿ ಪಡೆಯಿರಿ, ನಿಮ್ಮ ಹೆಸರು ಸಭೆಯ ನಡವಳಿಯಲ್ಲಿ ಬರೆಯಲ್ಪಟ್ಟಿತೇ ನೋಡಿ, ನಡವಳಿಯ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ 30 ದಿನದೊಳಗೆ ಕೊಡಬೇಕು. ವಿಕಲಚೇತನರ ಸಮನ್ವಯ ಗ್ರಾಮ ಸಭೆ ಎಂದು ಬೇರೆಯೇ ನಡೆಸುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ವಸತಿ ಬೇಡಿಕೆಯ ಪಟ್ಟಿಯನ್ನು ಅಲ್ಲೇ ಓದಿಸಿ. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ, ಅಂದರೆ ವಿಆರ್‌ಡಬ್ಲ್ಯು ಅವರ ಹೊಣೆಯೂ ಇದರಲ್ಲಿದೆ. ಪಟ್ಟಣಗಳಲ್ಲಿ ಆಯ್ಕೆ ನಡೆಯುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ. ಗ್ರಾಮ ಸಭೆಯಲ್ಲಿ ಕೈ ತಪ್ಪಿದರೆ ಇನ್ನೊಂದು ದಾರಿ ದೇವರಾಜ ಅರಸು ಯೋಜನೆ. ಅದು ವಿಶೇಷ ವರ್ಗಗಳಿಗೆಂದೇ ಇರುವುದು, ವಿಕಲಚೇತನರು ಅದರಲ್ಲಿ ಸೇರಿದ್ದಾರೆ, ಆಯ್ಕೆ ಜಿಲ್ಲಾಧಿಕಾರಿಗಳ ಸಮಿತಿಯಲ್ಲಿ ಆಗುತ್ತದೆ. ಊರಿನ ಬಣ ರಾಜಕೀಯ ಅಷ್ಟಾಗಿ ತಟ್ಟದ ದಾರಿ ಇದು ಎಂಬುದು ನಮ್ಮ ಅಭಿಪ್ರಾಯ. ಆದರೂ ಇದರ ವಿಷಯ ಗೊತ್ತಿರುವವರು ತೀರ ಕಡಿಮೆ.

ಸಮೀಕ್ಷೆಯಲ್ಲಿ ಎರಡು ಕಡೆ ಹೆಸರು ಜಾರುತ್ತದೆ. ಗ್ರಾಮೀಣ ಆವಾಸ್ ಯೋಜನೆಗೆ ಅರ್ಹರನ್ನು ಗುರುತಿಸುವ ಆವಾಸ್ ಪ್ಲಸ್ ಸಮೀಕ್ಷೆಯಲ್ಲಿ ಮೋಟಾರು ಚಾಲಿತ ಮೂರು ಅಥವಾ ನಾಲ್ಕು ಚಕ್ರದ ವಾಹನವಿದ್ದವರು ಅನರ್ಹರು. ಇತ್ತ ನಮ್ಮದೇ ಸಬಲೀಕರಣ ಇಲಾಖೆ ದೈಹಿಕ ಅಂಗವಿಕಲರಿಗೆ ಪಕ್ಕಕ್ಕೆ ಹೆಚ್ಚುವರಿ ಚಕ್ರ ಕೂರಿಸಿದ ಸ್ಕೂಟರ್ ಕೊಡುತ್ತದೆ. ಊರಿನಲ್ಲಿ ಎಲ್ಲರೂ ಅದನ್ನು 'ಮೂರು ಚಕ್ರದ ಗಾಡಿ' ಎಂದೇ ಕರೆಯುತ್ತಾರೆ. ಸಮೀಕ್ಷೆಗೆ ಬಂದವರು ಆ ಮಾತನ್ನೇ ಬರೆದುಕೊಂಡರೆ ಸರ್ಕಾರ ಕೊಟ್ಟ ಸ್ಕೂಟರೇ ಮನೆ ಕಸಿಯುತ್ತದೆ. ಆರ್‌ಸಿ ಪುಸ್ತಕ ತೋರಿಸಿ, ಅಂಗವಿಕಲರಿಗಾಗಿ ಮಾರ್ಪಡಿಸಿದ ದ್ವಿಚಕ್ರ ವಾಹನವೆಂದು ನಮೂದಿಸಲು ಒತ್ತಾಯಿಸಿ. ಇಲಾಖೆಯಿಂದ ಈ ಬಗ್ಗೆ ಎರಡು ಸಾಲಿನ ಸ್ಪಷ್ಟೀಕರಣ ಹೊರಟರೆ ಯಾರೂ ಒತ್ತಾಯಿಸುವ ಪ್ರಮೇಯವೇ ಬರುವುದಿಲ್ಲ.

ಹೆಸರು ಜಾರುವ ಎರಡನೆಯ ಕಡೆ, ಮೊಬೈಲಿನಲ್ಲಿ ಮುಖ ತೋರಿಸಿ ಗುರುತು ಖಚಿತಪಡಿಸುವ ಮುಖ ದೃಢೀಕರಣ. ಮೊಬೈಲು ಕಣ್ಣು ಮಿಟುಕಿಸಿ ಎನ್ನುತ್ತದೆ. ಕಣ್ಣಿಲ್ಲದವರು, ಸೆರೆಬ್ರಲ್ ಪಾಲ್ಸಿಯಿಂದ ಕುತ್ತಿಗೆ ನಿಲ್ಲದವರು, ಆಸಿಡ್ ದಾಳಿಗೆ ತುತ್ತಾದವರು ಅಲ್ಲೇ ಸೋಲುತ್ತಾರೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಕೆವೈಸಿ, ಅಂದರೆ ಬ್ಯಾಂಕು ಮುಂತಾದವು ಗ್ರಾಹಕರ ಗುರುತು ಪರಿಶೀಲಿಸುವ, ವಿಷಯದಲ್ಲಿ ಇದನ್ನೇ ಎತ್ತಿಕೊಂಡು, ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯ ಇರಬೇಕೆಂದು ಹೇಳಿದೆ, ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗವೆಂದೂ ಹೇಳಿದೆ. ವಸತಿ ಸಮೀಕ್ಷೆಗೂ ಅದೇ ಮಾತು ಸಲ್ಲಬೇಕು.

ಈಗ ಮನೆಯ ವಿಷಯಕ್ಕೆ ಬರೋಣ. ಮಂಜೂರಾದ ಮನೆಯೊಳಗೆ ಫಲಾನುಭವಿಯೇ ಹೋಗಲಾಗದೆ ಹೊರಗಿನ ಜಗಲಿಯಲ್ಲಿ ಮಲಗುವ ಸ್ಥಿತಿಯನ್ನು ನಾವು ಅಲ್ಲಲ್ಲಿ ನೋಡುತ್ತಲೇ ಇದ್ದೇವೆ. ಇದಕ್ಕೆ ಮೇಸ್ತ್ರಿಯನ್ನು ಬೈದು ಫಲವಿಲ್ಲ. ಪಾಯ ಹಾಕುವ ದಿನವೇ ತೀರ್ಮಾನವಾಗಬೇಕಾದ್ದು ಆಗಿರುವುದಿಲ್ಲ, ಅಷ್ಟೇ.

ಗಾಲಿಕುರ್ಚಿ ಹತ್ತುವ ಇಳಿಜಾರಿನ, ಅಂದರೆ ರ‍್ಯಾಂಪಿನ, ಲೆಕ್ಕ 1:12. ಒಂದು ಇಂಚು ಏರಲು ಒಂದು ಅಡಿ ಉದ್ದ ಬೇಕು. ಪಾಯ ನೆಲದಿಂದ ಒಂದೂವರೆ ಅಡಿ ಎತ್ತರವಿದ್ದರೆ ರ‍್ಯಾಂಪ್ 18 ಅಡಿ ಆಗಲೇಬೇಕು. 20x30ರ ನಿವೇಶನದಲ್ಲಿ ಮುಂದುಗಡೆ ಅಷ್ಟು ಜಾಗ ಉಳಿಯುವುದಿಲ್ಲ. ಆಗ 9 ಅಡಿ ಏರಿ, 5 ಅಡಿ ಚೌಕದ ಸಮತಟ್ಟು ಕಟ್ಟೆ ಕೊಟ್ಟು, ಹಿಂದಕ್ಕೆ ತಿರುಗಿಸಿ ಮತ್ತೆ 9 ಅಡಿ ಏರಿಸಬೇಕು. ಮಾಡುವುದೇನು? ಬಾಗಿಲ ಮುಂದೆ ನಾಲ್ಕು ಅಡಿಯ ಸಿಮೆಂಟ್ ಜಾರು ಹಾಕಿ 'ರ‍್ಯಾಂಪ್ ಆಯಿತು' ಎನ್ನುತ್ತಾರೆ. ಅದು ಬೈಕ್ ಹತ್ತಿಸಲಿಕ್ಕೆ ಸರಿ. ಗಾಲಿಕುರ್ಚಿಯಲ್ಲಿ ಕೂತು ಹತ್ತಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಮುಂದಕ್ಕೆ ಬೀಳಿಸುತ್ತದೆ. ಮಳೆ ನೀರು ನಿಲ್ಲದ ಜಾಗವಾದರೆ ಪಾಯವನ್ನು 9 ಇಂಚಿಗೆ ಇಳಿಸಿ, 9 ಅಡಿಯಲ್ಲಿ ಮುಗಿಯುತ್ತದೆ. ಎರಡೂ ಬದಿಗೆ ಎರಡು ಇಂಚಿನ ಅಂಚುಕಟ್ಟೆ ಇರಲಿ, ಇಲ್ಲದಿದ್ದರೆ ಚಿಕ್ಕ ಚಕ್ರ ಹೊರಗೆ ಜಾರುತ್ತದೆ.

ಬಾಗಿಲುಗಳದ್ದು ಇನ್ನೊಂದು ಕಥೆ. ಸಾಮಾನ್ಯ ಗಾಲಿಕುರ್ಚಿಯ ಅಗಲ ಸುಮಾರು 26 ಇಂಚು, ಚಕ್ರ ತಳ್ಳುವ ಕೈಗೆ ಇನ್ನಷ್ಟು. ಸ್ನಾನದ ಮನೆಗೆ ರೂಢಿಯಲ್ಲಿ ಕೂರಿಸುವುದು ಎರಡೂವರೆ ಅಡಿಯ ಪಿವಿಸಿ ಬಾಗಿಲು, ಚೌಕಟ್ಟು ಕಳೆದರೆ ಉಳಿಯುವುದು 26 ಇಂಚೋ ಅದಕ್ಕೂ ಕಡಿಮೆಯೋ. ಕೈ ಗೆಣ್ಣು ತರಚದೆ ದಾಟಲಾಗುವುದಿಲ್ಲ. ಚೌಕಟ್ಟು ಕಳೆದು 3 ಅಡಿ ತೆರಪು ಬೇಕು, ಅಂದರೆ ಹೊರ ಅಳತೆ 3 ಅಡಿ 4 ಇಂಚು. ಬಾಗಿಲು ಹೊರಕ್ಕೆ ತೆರೆಯಲಿ, ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು. ಹೊಸ್ತಿಲನ್ನು ನೆಲದ ಮಟ್ಟಕ್ಕೇ ಕೂರಿಸಬಹುದು, ಅರ್ಧ ಇಂಚಿಗಿಂತ ಮೇಲೆ ಬೇಡ. ಪೂಜೆಗೆ ಮರದ ಹೊಸ್ತಿಲೇ ಬೇಕೆನ್ನುವವರು ಅದನ್ನೇ ನೆಲಕ್ಕೆ ಹುದುಗಿಸಿಕೊಳ್ಳಲಿ, ಅರಿಸಿನ ಕುಂಕುಮಕ್ಕೆ ಎತ್ತರ ಬೇಕಿಲ್ಲ.

ಯೋಜನೆಯ ಮನೆ 25 ಚದರ ಮೀಟರ್, ಸುಮಾರು 270 ಚದರ ಅಡಿ. ಇದರಲ್ಲಿ ಸ್ನಾನಕ್ಕೊಂದು, ಶೌಚಕ್ಕೊಂದು ಎಂದು ಎರಡು ಗೂಡು ಕಟ್ಟಿದರೆ ಎರಡೂ ಬಳಕೆಗೆ ಬಾರವು. ಎರಡನ್ನೂ ಸೇರಿಸಿ 7 ಅಡಿಗೆ 6 ಅಡಿಯ ಒಂದೇ ಕೋಣೆ ಮಾಡಿದರೆ ಕುರ್ಚಿ ತಿರುಗಲು 5 ಅಡಿ ಸುತ್ತು ಸಿಗುತ್ತದೆ. ಕಮೋಡಿನ ಸೀಟು ನೆಲದಿಂದ ಒಂದೂವರೆ ಅಡಿ ಇರಲಿ, ಕುರ್ಚಿಯ ಸೀಟಿನ ಮಟ್ಟಕ್ಕೆ ಹೆಚ್ಚೂಕಡಿಮೆ ಅದು ಸರಿಹೋಗುತ್ತದೆ. ಹಿಡಿಕೆ ಕಂಬಿಯ ವಿಷಯದಲ್ಲಿ ಒಂದು ಎಚ್ಚರ: ಗೋಡೆ ಹಾಲೋ ಬ್ಲಾಕಿನದ್ದಾದರೆ ಕಂಬಿ ಬರುವ ಜಾಗದ ಬ್ಲಾಕುಗಳಿಗೆ ಕಟ್ಟುವಾಗಲೇ ಕಾಂಕ್ರೀಟ್ ತುಂಬಿಸಿ. ಇಲ್ಲದಿದ್ದರೆ ಪೂರ್ತಿ ಮೈಭಾರ ಬಿದ್ದ ದಿನ ಕಂಬಿ ಗೋಡೆಯ ಸಮೇತ ಕಿತ್ತುಬರುತ್ತದೆ.

ಇದಕ್ಕೆಲ್ಲ ತಗಲುವ ಹೆಚ್ಚುವರಿ ಖರ್ಚನ್ನು ಯಾರು ಕೊಡಬೇಕು? ಬಸವ ವಸತಿಯ ಸಹಾಯಧನ 1.20 ಲಕ್ಷ ರೂಪಾಯಿ. ಅದು ಬರುವುದು ಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂಬ ಹಂತ ಹಂತದಲ್ಲಿ, ಪ್ರತಿ ಹಂತದ ಜಿಪಿಎಸ್ ಫೋಟೊ ಏರಿದ ಮೇಲೆ. ಪಾಯದ ದುಡ್ಡು ಮೊದಲು ಫಲಾನುಭವಿಯ ಕೈಯಿಂದ ಹೋಗಬೇಕು. ಅಂಗವೈಕಲ್ಯ ಶೇ 75ರೊಳಗಿದ್ದರೆ ತಿಂಗಳಿಗೆ 800, ಮೇಲಿದ್ದರೆ 1,400 ರೂಪಾಯಿ ವೇತನ ಪಡೆಯುವವರು ಅದನ್ನು ತರುವುದು ಬಡ್ಡಿ ಸಾಲದಿಂದ. ಆದ್ದರಿಂದ ವಿಕಲಚೇತನರಿಗೆ ಕಾರ್ಯಾದೇಶದ ಜೊತೆಗೇ ಮೊದಲ ಕಂತನ್ನು ಮುಂಗಡವಾಗಿ ಕೊಡಿ. ಕಾಯ್ದೆಯ 24ನೇ ಕಲಂ ವಿಕಲಚೇತನರ ಸಾಮಾಜಿಕ ಭದ್ರತೆಯ ನೆರವು ಇತರರ ಅಂಥದ್ದೇ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ಆ ಲೆಕ್ಕ ವಸತಿಗೂ ಸಲ್ಲಬೇಕೆಂಬುದು ನಮ್ಮ ವಾದ: 1.20 ಲಕ್ಷ 1.50 ಲಕ್ಷವಾಗುತ್ತದೆ. ರ‍್ಯಾಂಪ್, ಅಗಲ ಬಾಗಿಲು, ಒಂದೇ ದೊಡ್ಡ ಸ್ನಾನಗೃಹಕ್ಕೆ ಆ 30,000 ನಿಲ್ಲಲಿ. ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆಂದು ಎತ್ತಿಡುವ ಶೇ 5ರ ಹಣವನ್ನೂ ಇದಕ್ಕೆ ಬಳಸಲು ಸೂಚನೆ ಕೊಡಿ. ವರ್ಷದ ಕೊನೆಗೆ ಖರ್ಚು ತೋರಿಸುವ ಅವಸರದಲ್ಲಿ ಎಲ್ಲರಿಗೂ ಒಂದೇ ಬಗೆಯ ಸಾಮಗ್ರಿ ಹಂಚುವುದಕ್ಕಿಂತ ಒಂದು ಮನೆಯ ರ‍್ಯಾಂಪ್ ಮೇಲು. ಮೊದಲ ಹಂತದ ಫೋಟೊ ಏರಿಸುವ ಮುನ್ನವೇ ಎಂಜಿನಿಯರ್ ಪಾಯದ ಎತ್ತರ ಮತ್ತು ರ‍್ಯಾಂಪಿನ ಜಾಗ ಅಳೆದು ದಾಖಲಿಸಬೇಕೆಂಬ ನಿಯಮ ಬಂದರೆ ಅರ್ಧ ಕೆಲಸ ಆದಂತೆ. ನಗರದ ಬಹುಮಹಡಿ ಮನೆಗಳಲ್ಲಿ ವಿಕಲಚೇತನರ ಕುಟುಂಬಕ್ಕೆ ನೆಲಮಹಡಿಯಲ್ಲಿ ಆದ್ಯತೆ ಎಂದು ಆವಾಸ್ ಮಾರ್ಗಸೂಚಿಯೇ ಹೇಳಿದೆ. ಹಂಚಿಕೆ ಲಾಟರಿಗೆ ಮೊದಲೇ ಆ ಮನೆಗಳನ್ನು ಬದಿಗಿಡಿ.

ಬಾಡಿಗೆಯ ಮಾತು ಬಾಕಿ ಇದೆ. ಓದಿಗೋ ಕೆಲಸಕ್ಕೋ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿಗೆ ಬರುವ ಯುವಜನರಿಗೆ ಸ್ವಂತ ಮನೆ ಅಲ್ಲ, ಮೊದಲು ಬೇಕಾದ್ದು ಬಾಡಿಗೆ ಮನೆ. ನೆಲಮಹಡಿಯಲ್ಲಿ ಮಾಲೀಕರು ಇರುತ್ತಾರೆ ಇಲ್ಲವೇ ಪಾರ್ಕಿಂಗ್ ಇರುತ್ತದೆ, ಬಾಡಿಗೆಗೆ ಸಿಗುವುದು ಮೇಲಿನ ಮಹಡಿ. ತಿಂಗಳಿಗೆ 6,000 ಬಾಡಿಗೆ ಎಂದರೆ ಐದರಿಂದ ಹತ್ತು ತಿಂಗಳ ಅಡ್ವಾನ್ಸ್ ಲೆಕ್ಕದಲ್ಲಿ 30,000ದಿಂದ 60,000 ಒಮ್ಮೆಲೇ ಎಣಿಸಬೇಕು. ಕೋರ್ಸು ಮುಗಿದ ದಿನ ಸರ್ಕಾರಿ ಹಾಸ್ಟೆಲ್ ಬಿಡಬೇಕು, ಕೆಲಸ ಸಿಗುವವರೆಗಿನ ಆ ನಡುವಿನ ತಿಂಗಳುಗಳಲ್ಲಿ ಹೆಚ್ಚಿನವರು ಊರಿಗೆ ಮರಳಿ ಅಲ್ಲೇ ಉಳಿಯುತ್ತಾರೆ. ಉದ್ಯೋಗಸ್ಥ ಮತ್ತು ತರಬೇತಿ ಪಡೆಯುವ ವಿಕಲಚೇತನ ಮಹಿಳೆಯರಿಗೆ ಇಲಾಖೆಯ ವಸತಿ ನಿಲಯಗಳಿವೆ, ಅಂಥವು ಇನ್ನೂ ಬೇಕು, ಯುವಕರಿಗೂ ಬೇಕು. ಸ್ವಯಂ ಉದ್ಯೋಗಕ್ಕೆ ಆಧಾರ ಯೋಜನೆಯಲ್ಲಿ ಸಾಲ ಕೊಡುವಂತೆ, ಬಾಡಿಗೆ ಅಡ್ವಾನ್ಸಿಗೆ ಬಡ್ಡಿಯಿಲ್ಲದ ಸಾಲ ಕೊಡಿ. ಹಣ ನೇರವಾಗಿ ಮಾಲೀಕರ ಖಾತೆಗೆ ಹೋಗಲಿ, ಮನೆ ಬಿಟ್ಟಾಗ ನೇರವಾಗಿ ಇಲಾಖೆಗೆ ಮರಳಲಿ. ನಗರ ಆವಾಸ್ 2.0ರಲ್ಲಿ ಕೈಗೆಟಕುವ ಬಾಡಿಗೆ ಮನೆಗಳದ್ದೇ ಒಂದು ವಿಭಾಗವಿದೆ. ರಾಜ್ಯ ಕಳಿಸುವ ಪ್ರಸ್ತಾವಗಳಲ್ಲಿ ಶೇ 5 ಮನೆಗಳು ಗಾಲಿಕುರ್ಚಿ ಹೋಗುವಂತೆ ನಕ್ಷೆಯಲ್ಲೇ ಇರಲಿ.

ಊರು ಬಿಟ್ಟವರ ಪಿಂಚಣಿಗೂ ಇಲ್ಲಿ ಕುತ್ತು. ಭೌತಿಕ ಪರಿಶೀಲನೆಗೆ ಗ್ರಾಮ ಆಡಳಿತ ಅಧಿಕಾರಿ ಬಂದಾಗ ಆ ವಿಳಾಸದಲ್ಲಿ ಸಿಗದಿದ್ದರೆ ವೇತನ ನಿಲ್ಲುತ್ತದೆ. ಬಾಡಿಗೆ ಕರಾರಿನ ಪ್ರತಿ ಕೊಟ್ಟು ವಿಳಾಸ ಬದಲಿಸಿಕೊಳ್ಳಲು, ಇಲ್ಲವೇ ಇರುವ ಊರಿನ ನಾಡಕಚೇರಿಯಲ್ಲೇ ಪರಿಶೀಲನೆ ಮುಗಿಸಲು ಅವಕಾಶ ಕೊಡುವಂತೆ ಕಂದಾಯ ಇಲಾಖೆಗೆ ನೀವು ಬರೆಯಬೇಕು.

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಮಾನಸಿಕ ಕಾಯಿಲೆ ಇರುವವರ ವಸತಿಗೆ ಇಟ್ಟಿಗೆಗಿಂತ ಜೊತೆಗಿರುವ ಜನ ಮುಖ್ಯ. ಅದನ್ನು ಬೇರೆಯೇ ವಿವರವಾಗಿ ಬರೆಯುತ್ತೇವೆ. ಮಾನಸಿಕ ಆರೋಗ್ಯ ಕಾಯ್ದೆ 2017ರ 19ನೇ ಕಲಂ ಪ್ರಕಾರ ಮನೆಯಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂಬುದನ್ನಷ್ಟೇ ಇಲ್ಲಿ ಗಮನಕ್ಕೆ ತರುತ್ತೇವೆ.

ಪ್ರತ್ಯೇಕ ಕುಟುಂಬದ ಆದೇಶ, ತಾಲ್ಲೂಕು ರೋಸ್ಟರ್, ಮುಂಗಡ ಕಂತು ಈ ಮೂರಕ್ಕೂ ಹೊಸ ಕಾನೂನು ಬೇಕಿಲ್ಲ. ಮುಂದಿನ ಸುತ್ತಿನ ಗ್ರಾಮ ಸಭೆಗಳು ಶುರುವಾಗುವ ಮೊದಲು ಸುತ್ತೋಲೆ ಪಿಡಿಒಗಳ ಕೈ ಸೇರಬೇಕು. ಪ್ರತಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ವಿಕಲಚೇತನ ಅರ್ಜಿದಾರರ ಆದ್ಯತಾ ಪಟ್ಟಿಯನ್ನು, ಗೌಪ್ಯತೆಗಾಗಿ ಹೆಸರಿನ ಬದಲು ಅರ್ಜಿ ಸಂಖ್ಯೆ ಹಾಕಿ, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿಗೆ ಎಟಕುವ ಎತ್ತರದಲ್ಲಿ ಅಂಟಿಸಲು ಅದರಲ್ಲೇ ತಿಳಿಸಿ. ಉತ್ತರವನ್ನು ಲಿಖಿತವಾಗಿ ನಿರೀಕ್ಷಿಸುತ್ತೇವೆ.

ಇಂತಿ,
ವಿಕಲಚೇತನರ ಪಿಂಚಣಿ ಮತ್ತು ವಸತಿ ಅರ್ಜಿಗಳಿಗೆ ನೆರವಾಗುವ ಕಾರ್ಯಕರ್ತರು